ಸೂರಿನ ಸಂದಿ ಮುಚ್ಚುವ ಕಾಲ



ಯುಗಾದಿ ಕಳೆದು ಅಡಿಕೆ ಕೆಲಸದ ಗಡಿಬಿಡಿ ತುಸು ತಗ್ಗಿತು ಅಂದರೆ ಸಾಕು, ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಮನೆಯ ಮಾಡಿನ ಮೇಲೂ ಆಳು ಕಾಣುತ್ತಾರೆ. ಹಂಚು ಕೈಯಾಡಿಸುವ ಕೆಲಸ. ಒಡೆದದ್ದನ್ನು ತೆಗೆದು ಬೇರೆ ಹಾಕುವುದು, ಜಾರಿದ್ದನ್ನು ಕೂರಿಸುವುದು, ಪಾಚಿ ಉಜ್ಜುವುದು, ಗೆದ್ದಲು ಹಿಡಿದ ರೀಪು ಬದಲಿಸುವುದು. ಮುಂದಿನ ನಾಲ್ಕು ತಿಂಗಳ ಜಡಿಮಳೆಗೆ ಇಷ್ಟಾದರೂ ಆಗಲೇಬೇಕು. ಅದೇ ಹೊತ್ತಿಗೆ ಯಜಮಾನರು ಅಂಗಳದಲ್ಲಿ ನಿಂತು ಮೇಲಿದ್ದವನಿಗೆ ಕೂಗಿ ಹೇಳುವ ಒಂದು ಮಾತಿದೆ: "ಹ್ಯಾಂಗೂ ಹತ್ತಿದ್ದೆ, ಆ ಬಾವಲಿ ಸಂದೀನೂ ಒಂದು ಮುಚ್ಚಿಬಿಡು ಮಾರಾಯ."

ಇವತ್ತಿನ ನನ್ನ ಮಾತು ಈ ಕೂಗಿನ ಮೇಲೇ. ಸಂದಿ ಮುಚ್ಚಬೇಡಿ ಎಂದು ನಾನು ಹೇಳುವವನಲ್ಲ. ಮೆತ್ತಿಯ ಮೇಲೆ ಚೀಲಗಟ್ಟಲೆ ಚಾಲಿ ಒಟ್ಟಿಟ್ಟಿರುತ್ತೀರಿ, ಅದರ ಮೇಲೆ ಹಿಕ್ಕೆ ಉದುರಿದರೆ ಯಾರಿಗೂ ಸಹನೆಯಾಗುವುದಿಲ್ಲ. ಮಳೆಗಾಲದಲ್ಲಿ ಮುಚ್ಚಿಗೆಯ ಹಲಗೆಯ ಸಂದಿಯಿಂದ ಉಚ್ಚೆಯ ಘಾಟು ಕೆಳಗಿಳಿದು ಹಾಸಿಗೆಗೆ ಅಡರಿದಾಗ ಎಂಥ ಪ್ರಾಣಿಪ್ರಿಯನ ಪ್ರೀತಿಯೂ ಸೋರಿಹೋಗುತ್ತದೆ. ಮುಚ್ಚುವುದು ಸರಿಯೇ. ನಾವು ಎಡವುವುದು ತಿಂಗಳು ಆರಿಸುವಲ್ಲಿ. ವರ್ಷದಲ್ಲಿ ಯಾವ ತಿಂಗಳು ಆ ಸಂದಿಗೆ ಕೈಹಾಕಬಾರದೋ ಸರಿಯಾಗಿ ಅದೇ ತಿಂಗಳಿಗೆ ನಮ್ಮ ಏಣಿ ಗೋಡೆಗೆ ಒರಗುತ್ತದೆ.

ಈ ತಾಪತ್ರಯ ತೀರಾ ಹಳೆಯದೇನಲ್ಲ. ಹಿಂದೆ ನಮ್ಮ ಕಡೆಯ ಬಹುಪಾಲು ಮನೆಗಳು ಸೋಗೆಯವು, ಇಲ್ಲವೇ ಹುಲ್ಲಿನವು. ಸೋಗೆ ಮಾಡನ್ನು ವರ್ಷ ವರ್ಷ ಬಿಚ್ಚಿ ಹೊಸದಾಗಿ ಹೊದೆಸುತ್ತಿದ್ದರು. ಹಳೆ ಸೋಗೆಯ ಜೊತೆಗೆ ಗೂಡು, ಹಿಕ್ಕೆ, ಇಲಿಬಿಲ ಎಲ್ಲ ಕೆಳಗಿಳಿದು ಗೊಬ್ಬರಗುಂಡಿ ಸೇರುತ್ತಿತ್ತು. ಯಾವ ಪ್ರಾಣಿಗೂ ಅಲ್ಲಿ ಕಾಯಂ ಪಟ್ಟಾ ಸಿಗುತ್ತಿರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆ ಕೆಂಪು ಹಂಚು ನಿಧಾನವಾಗಿ ಘಟ್ಟ ಹತ್ತಿ ನಮ್ಮ ಊರುಗಳಿಗೂ ಬಂತು. ಮಾಡು ಗಟ್ಟಿಯಾಯಿತು, ಬೆಂಕಿಯ ಭಯ ಹೋಯಿತು. ಜೊತೆಗೆ ಗೋಡೆಯ ತಲೆಗೂ ಪಕಾಸಿಗೂ ನಡುವೆ ಅಂಗೈ ಅಗಲದ ಸಂದಿಯೊಂದು ಸಾಲಾಗಿ ಉಳಿಯಿತು. ಮಳೆ ತಾಗದ, ಗಾಳಿ ಆಡುವ, ಹಗಲೆಲ್ಲ ಬೆಚ್ಚಗಿರುವ, ವರ್ಷಾನುಗಟ್ಟಲೆ ಯಾರೂ ಬಿಚ್ಚದ ಜಾಗ. ಜೋಗದ ಜಲಪಾತದ ಬಂಡೆಯ ಬಿರುಕಿನಲ್ಲಿ ದೊಡ್ಡ ಬಾನಾಡಿಗಳೂ ಪಾರಿವಾಳಗಳೂ ಗೂಡು ಮಾಡುತ್ತವಲ್ಲ, ಅಂಥ ಬಿರುಕನ್ನೇ ನಾವು ನಮ್ಮ ಮನೆಯ ಸುತ್ತ ಕಟ್ಟಿಕೊಟ್ಟೆವು.

ಆದರೂ ಬಹಳ ಕಾಲ ಒಂದು ತಡೆ ಇತ್ತು. ಹೊಗೆ. ಅಡುಗೆಮನೆಯ ಒಲೆ ದಿನಕ್ಕೆ ಎರಡು ಹೊತ್ತು ಉರಿಯುತ್ತಿತ್ತು, ಹೊಗೆ ಹಂಚಿನ ಸಂದಿಯಿಂದಲೇ ಹೊರಗೆ ಹೋಗಬೇಕಿತ್ತು. ಕೊಯ್ಲಿನ ಕಾಲಕ್ಕೆ ಅಡಿಕೆ ಬೇಯಿಸುವ ಒಲೆ ಬೇರೆ. ಮಸಿ ಹಿಡಿದ ಆ ಪಕಾಸುಗಳ ಮೇಲೆ ಬಾವಲಿಯೂ ನಿಲ್ಲುತ್ತಿರಲಿಲ್ಲ, ಮರ ಕೊರೆಯುವ ಹುಳವೂ ನಿಲ್ಲುತ್ತಿರಲಿಲ್ಲ. ಗ್ಯಾಸ್ ಬಂತು, ಹೆಂಗಸರ ಕಣ್ಣೂ ಶ್ವಾಸಕೋಶವೂ ಬದುಕಿದವು; ಅದಕ್ಕಿಂತ ದೊಡ್ಡ ಒಳ್ಳೆಯದು ಬೇರೆ ಇಲ್ಲ. ಆದರೆ ಮಾಡಿನ ಕಾವಲು ಹೋಯಿತು. ಬಾವಲಿ ಓಡಿಸುವುದಕ್ಕೆ ಮತ್ತೆ ಹೊಗೆ ಹಾಕಬೇಕೆಂದು ಇದರ ಅರ್ಥವಲ್ಲ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇನ್ನೊಬ್ಬ ಪಾಲುದಾರ ಮಂಗ. ಬಾಳೆಗೊನೆಯಿಂದ ಹೊರಟು ಮಾಡಿನ ಮೇಲೆ ಧೊಪ್ಪೆಂದು ಹಾರಿ, ಅಲ್ಲಿಂದ ಹಲಸಿನ ಮರಕ್ಕೆ ನೆಗೆಯುವಾಗ ಎರಡು ಹಂಚು ಒಡೆಯುತ್ತದೆ, ನಾಲ್ಕು ಜಾರುತ್ತವೆ. ನೀರು ಸೋರಿದಾಗಷ್ಟೇ ನಮಗೆ ತಿಳಿಯುವುದು. ಬಾವಲಿಗೆ ಅದೇ ರಾತ್ರಿ ತಿಳಿದಿರುತ್ತದೆ.

ಸರಿ, ಮೆತ್ತಿಯ ಮೇಲೆ ಏನೋ ಗಿಜಿಗುಡುತ್ತಿದೆ. ಏಣಿ ತರುವ ಮೊದಲು ಅಲ್ಲಿರುವವರು ಯಾರು ಅಂತ ಗೊತ್ತಾಗಬೇಕು. ಯಾರೆಂದು ತಿಳಿಯದೆ ಸಂದಿ ಮುಚ್ಚುವುದು ಕಾಯಿಲೆ ತಿಳಿಯದೆ ಮದ್ದು ಕೊಟ್ಟ ಹಾಗೆ. ಜಗಲಿಯ ಮೇಲೆ ಬೆಳಗ್ಗೆ ಬಿದ್ದಿರುವ ಕಪ್ಪು ಕಾಳಿನಂಥ ಹಿಕ್ಕೆಯನ್ನು ಒಂದು ಕಡ್ಡಿಯಿಂದ ಒತ್ತಿ ನೋಡಿ. ಇಲಿಯದಾದರೆ ಗಟ್ಟಿ, ಒತ್ತಿದರೆ ಪುಡಿಯಾಗುವುದಿಲ್ಲ. ಹುಳ ತಿನ್ನುವ ಬಾವಲಿಯದಾದರೆ ಹಗುರಕ್ಕೆ ಉದುರಿ ಪುಡಿಯಾಗುತ್ತದೆ, ಆ ಪುಡಿಯೊಳಗೆ ಬಿಸಿಲಿಗೆ ಮಿಣುಗುವ ಚೂರುಗಳು ಕಾಣುತ್ತವೆ. ಅವು ದುಂಬಿಯ ಬೆನ್ನಿನ ಚಿಪ್ಪು, ಪತಂಗದ ರೆಕ್ಕೆಯ ಚಕ್ಕೆ. ಹಿಕ್ಕೆಗಿಂತ ಹೆಚ್ಚಾಗಿ ಮಿಡತೆಯ ಕಾಲು, ಇಡೀ ಇಡೀ ಪತಂಗದ ರೆಕ್ಕೆ, ಒಮ್ಮೊಮ್ಮೆ ಕಪ್ಪೆಯ ಕಾಲು, ಹಲ್ಲಿಯ ಬಾಲ ಬಿದ್ದಿದ್ದರೆ ಅಲ್ಲಿರುವುದು ಬೇರೆ ಜಾತಿ. ದೊಡ್ಡ ದೊಡ್ಡ ಕಿವಿ, ಮೂಗಿನ ಮೇಲೆ ಎಲೆಯಂಥ ತೊಗಲು, ಬಾಲವೇ ಇಲ್ಲದ ಬಾವಲಿ. ಬೇಟೆಯನ್ನು ಹಿಡಿದು ತಂದು, ನಿಮ್ಮ ಜಂತಿಗೆ ತಲೆಕೆಳಗಾಗಿ ಜೋತುಬಿದ್ದು, ಬೇಡದ್ದನ್ನು ಕಡಿದು ಕೆಳಗೆ ಹಾಕುತ್ತದೆ.

ಈ ಇಬ್ಬರ ವ್ಯತ್ಯಾಸ ಬರಿಯ ಕುತೂಹಲಕ್ಕಲ್ಲ. ಸಣ್ಣ ಬಾವಲಿ, ನಮ್ಮಲ್ಲಿ ಕೆಲವರು ಕಣ್ಕಪ್ಪಡಿ ಅನ್ನುತ್ತಾರೆ, ತೆವಳುವುದರಲ್ಲಿ ನಿಸ್ಸೀಮ. ಕೆಲವೇ ಗ್ರಾಂ ತೂಗುವ ಜೀವ. ಹೆಬ್ಬೆರಳು ತೂರದ ಬಿರುಕಿನಲ್ಲೂ ಮೈ ಚಪ್ಪಟೆ ಮಾಡಿಕೊಂಡು ನುಸುಳುತ್ತದೆ. ಅದಕ್ಕೆ ಸಂದಿಸಂದಿಯನ್ನೂ ಮುಚ್ಚಬೇಕು. ದೊಡ್ಡಕಿವಿಯದು ಹಾಗಲ್ಲ, ಅದು ಹಾರಿಕೊಂಡೇ ಒಳಗೆ ಬರಬೇಕು. ಒಡೆದ ಕಿಟಕಿ, ಬಾಗಿಲಿಲ್ಲದ ಮೆತ್ತಿಯ ಮೆಟ್ಟಿಲು, ಹಿಂಬದಿಯ ಮಾಡಿನ ದೊಡ್ಡ ತೂತು, ಇಷ್ಟಕ್ಕೆ ಜಾಳಿಗೆ ಹೊಡೆದರೆ ಮುಗಿಯಿತು. ಪಕಾಸಿಗೆ ಪಕಾಸಿಗೆ ಗಾರೆ ಮೆತ್ತುವ ಖರ್ಚು ದಂಡ.

ಒಳಬರುವ ದಾರಿ ಎಲ್ಲಿದೆಯೆಂದು ಮನೆಯೊಳಗಿನಿಂದ ಹುಡುಕಿದರೆ ಸಿಗುವುದಿಲ್ಲ. ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂರಿ. ಮನೆಯ ನಾಲ್ಕು ಮೂಲೆಗೆ ನಾಲ್ವರು ಕೂತರೆ ಇನ್ನೂ ಒಳ್ಳೆಯದು, ಮೊಮ್ಮಕ್ಕಳಿಗೆ ಹೇಳಿದರೆ ಖುಷಿಯಿಂದ ಕೂರುತ್ತಾರೆ. ಆಕಾಶದಲ್ಲಿ ಇನ್ನೂ ಒಂದಿಷ್ಟು ಬೆಳಕಿರುವಾಗಲೇ ಒಂದೊಂದಾಗಿ ಉದುರಿದಂತೆ ಹೊರಬೀಳುತ್ತವೆ. ಎಲ್ಲಿಂದ ಎಂಬುದನ್ನು ಗುರುತಿಟ್ಟುಕೊಳ್ಳಿ. ಮರುದಿನ ಹಗಲಲ್ಲಿ ಹೋಗಿ ನೋಡಿದರೆ ಆ ಜಾಗದ ಸುಣ್ಣದ ಗೋಡೆಯ ಮೇಲೆ ಎಣ್ಣೆ ಕೈ ಒರೆಸಿದಂತೆ ಕಂದು ಕಲೆ ಇರುತ್ತದೆ. ಮೈಯ ಜಿಡ್ಡು ತಾಗಿ ತಾಗಿ ಆದ ಕಲೆ.

ಈಗ ಕಾಲದ ಮಾತು. ನಮ್ಮ ಮನೆಗಳ ಬಾವಲಿಗಳಲ್ಲಿ ಹಲವು ಮರಿ ಹಾಕುವುದು ಬೇಸಗೆಯ ಕೊನೆಗೆ, ಮಳೆ ಹಿಡಿಯುವ ಮುಂಚೆ. ಮಳೆ ಬಿದ್ದ ಮೇಲೆ ಹುಳಹುಪ್ಪಟೆ ಏಳುತ್ತವೆ, ಹಾಲೂಡಿಸುವ ತಾಯಿಗೆ ಹೊಟ್ಟೆ ತುಂಬ ಸಿಗುತ್ತದೆ ಎಂಬುದು ಅದರ ಲೆಕ್ಕ. ಮರಿ ಹಾರಲು ಕಲಿಯುವವರೆಗೆ ತಾಯಿ ಅದನ್ನು ಬಿಟ್ಟು ಮೇವಿಗೆ ಹೋಗಿ ಬರುತ್ತಿರುತ್ತದೆ. ಗುಬ್ಬಚ್ಚಿ ಹೆಚ್ಚುಕಡಿಮೆ ವರ್ಷವಿಡೀ ಗೂಡು ಕಟ್ಟಿದರೂ, ಮಡಿವಾಳ ಹಕ್ಕಿ, ಅಂಬರಗುಬ್ಬಿ, ಗೊರವಂಕ ಇವೆಲ್ಲ ಬೇಸಗೆಯಿಂದ ಮಳೆಗಾಲದ ನಡುವಿನವರೆಗೆ ಸಂಸಾರ ಹೂಡಿರುತ್ತವೆ. ನಾವು ಹಂಚು ಕೈಯಾಡಿಸುವ ಏಪ್ರಿಲ್, ಮೇ ತಿಂಗಳು ಸರಿಯಾಗಿ ಇದರ ಮಧ್ಯೆ ಬರುತ್ತದೆ.

ಆ ದಿನ ಸಂಜೆ ತಾಯಿಗಳು ಹೊರಗೆ ಹೋದಾಗ ಸಂದಿ ಮುಚ್ಚಿದಿರಿ ಎಂದಿಟ್ಟುಕೊಳ್ಳಿ. ಒಳಗೆ ಉಳಿದದ್ದು ಮರಿಗಳು. ಒಂದೆರಡು ದಿನ ಸಣ್ಣ ಚೀರಾಟ ಕೇಳುತ್ತದೆ, ಆಮೇಲೆ ನಿಲ್ಲುತ್ತದೆ. ಮೂರನೆಯ ದಿನ ವಾಸನೆ, ನೊಣ, ಮುಚ್ಚಿಗೆಯಿಂದ ಉದುರುವ ಹುಳ. ಹೊರಗುಳಿದ ತಾಯಿಗಳು ಕಿಟಕಿ, ಬಾಗಿಲು, ಸಿಕ್ಕ ದಾರಿಯಿಂದೆಲ್ಲ ಕೋಣೆಯೊಳಗೆ ನುಗ್ಗುತ್ತವೆ. "ಸಂದಿ ಮುಚ್ಚಿದ ಮೇಲೆ ಬಾವಲಿ ಕಾಟ ಹೆಚ್ಚಾತು" ಎಂದು ಹೇಳುವವರು ನಮ್ಮಲ್ಲಿ ಬಹಳ ಜನ. ಕಾರಣ ಇಷ್ಟೇ. ದಯೆಯ ಮಾತು ಬದಿಗಿಟ್ಟು ಬರಿಯ ಲಾಭನಷ್ಟ ನೋಡಿದರೂ ಇದು ನಷ್ಟದ ಬಾಬ್ತು.

ಹಾಗಾದರೆ ಯಾವಾಗ? ದೀಪಾವಳಿಯಿಂದ ಶಿವರಾತ್ರಿಯವರೆಗೆ. ಮಳೆ ನಿಂತಿರುತ್ತದೆ, ಬಹುತೇಕ ಮರಿಗಳು ಬೆಳೆದು ಹಾರಿರುತ್ತವೆ, ಹೆಚ್ಚಿನ ಹಕ್ಕಿಗೂಡು ಖಾಲಿ. ಇದನ್ನು ಹೇಳಿದ ಕೂಡಲೇ ನೀವು ನಗುತ್ತೀರಿ ಎಂದು ನನಗೆ ಗೊತ್ತು. ಅದು ಕೊನೆಕೊಯ್ಲಿನ ಕಾಲ. ಕೊನೆಗೌಡ ಒಂದು ದಿನ ಸಿಕ್ಕಿದರೆ ಪುಣ್ಯ, ಮನೆಯ ಮಂದಿಯೆಲ್ಲ ಅಡಿಕೆ ಸುಲಿಯುತ್ತ ಕೂತಿರುತ್ತಾರೆ, ಬಾವಲಿ ಸಂದಿ ನೋಡಲು ಯಾರಿಗೆ ಪುರಸೊತ್ತು? ನನ್ನ ಸಲಹೆ, ಕೆಲಸವನ್ನು ಎರಡು ಮಾಡಿ. ಸೋರುವ ಮಾಡಿನ ಕೆಲಸ ಎಂದಿನಂತೆ ಏಪ್ರಿಲ್‌ನಲ್ಲಿ ಆಗಲಿ. ಅದಕ್ಕೆ ಹಂಚಿನವರೇ ಬೇಕು. ಹಂಚು ತೆಗೆಯುವಾಗ ಮರಿ ಕಂಡರೆ ಆ ಒಂದು ಮೂಲೆಯನ್ನು ಹಾಗೇ ಬಿಟ್ಟು ಮುಂದೆ ಹೋಗಲು ಹೇಳಿ. ಗೋಡೆತಲೆಯ ಸಂದಿ ಮುಚ್ಚುವ ಕೆಲಸಕ್ಕೆ ಮಾಡು ಹತ್ತಬೇಕಿಲ್ಲ, ಹಂಚಿನವರು ಬೇಕಿಲ್ಲ. ಮೆತ್ತಿಯ ಒಳಗಿನಿಂದ, ಅಥವಾ ಏಣಿ ಇಟ್ಟು ಸೂರಿನ ಕೆಳಗಿನಿಂದ, ಮನೆಯ ಒಬ್ಬರು ಮಾಡಿ ಮುಗಿಸುವಂಥದ್ದು. ಚಳಿಗಾಲದ ಎರಡು ಭಾನುವಾರ ಸಾಕು.

ಮಾಡುವ ಕ್ರಮ ಹೀಗೆ. ಬಾವಲಿಗಳು ಹೊರಡುವ ಮುಖ್ಯ ಸಂದಿ ಒಂದೋ ಎರಡೋ ಇರುತ್ತದೆ, ಅವನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಮೊದಲು ಮುಚ್ಚಿ. ಆಮೇಲೆ ಆ ಮುಖ್ಯ ಸಂದಿಗೆ ಒಂದು ಪರದೆ ಕಟ್ಟಬೇಕು. ಚಾಲಿ ಒಣಗಿಸಲು ತಂದ ಶೇಡ್‌ನೆಟ್ಟಿನ ಹಳೆ ತುಂಡು ನಡೆಯುತ್ತದೆ. ಕಣ್ಣು ಸಣ್ಣದಿರಬೇಕು, ನಾಲ್ಕು ಮಿಲಿಮೀಟರಿಗಿಂತ ದೊಡ್ಡದು ಬೇಡ. ಮೀನು ಬಲೆ ಕಟ್ಟಿದರೆ ರೆಕ್ಕೆ ಸಿಕ್ಕಿ ಅಲ್ಲೇ ಸಾಯುತ್ತವೆ. ಪರದೆಯ ಮೇಲಿನ ಅಂಚನ್ನು ಸಂದಿಗಿಂತ ಮೇಲೆ ಮೊಳೆ ಹೊಡೆದು ಬಿಗಿಯಿರಿ, ಎರಡು ಬದಿಯನ್ನೂ ಬಿಗಿಯಿರಿ. ಕೆಳಗಿನ ಅಂಚು ಮಾತ್ರ ಸಡಿಲ, ಸಂದಿಯಿಂದ ಎರಡಡಿ ಕೆಳಗಿನವರೆಗೆ ಇಳಿಬಿದ್ದಿರಲಿ. ಸಂಜೆ ಒಳಗಿನ ಬಾವಲಿ ಹೊರಬರುತ್ತದೆ, ಪರದೆ ಅಡ್ಡವಾಗುತ್ತದೆ, ಗೋಡೆ ಹಿಡಿದು ಕೆಳಗೆ ತೆವಳಿ ಅಂಚಿನಿಂದ ಹಾರಿಹೋಗುತ್ತದೆ. ಬೆಳಗಿನ ಜಾವ ತಿರುಗಿ ಬಂದಾಗ ಅದು ನೇರ ಹಳೆಯ ಸಂದಿಗೇ ಬಂದು ಬಲೆಗೆ ತಾಗುತ್ತದೆ. ಕೆಳಗಿನಿಂದ ನುಸುಳಿ ಮೇಲೆ ಹತ್ತಬಹುದೆಂದು ಅದಕ್ಕೆ ಹೊಳೆಯುವುದಿಲ್ಲ. ನಾಲ್ಕಾರು ಸಲ ಸುತ್ತು ಹಾಕಿ ಬೇರೆ ಜಾಗ ಹುಡುಕಿಕೊಂಡು ಹೋಗುತ್ತದೆ. ತೀರಾ ಚಳಿಯ ರಾತ್ರಿ ಕೆಲವು ಹೊರಡುವುದೇ ಇಲ್ಲ, ಆದ್ದರಿಂದ ಪರದೆ ಒಂದು ವಾರವಾದರೂ ಇರಲಿ. ಕೊನೆಯ ಸಂಜೆ ಮತ್ತೊಮ್ಮೆ ಅಂಗಳದಲ್ಲಿ ಕೂತು, ಒಂದೂ ಹೊರಬೀಳಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಸಂದಿ ಮುಚ್ಚಿ.

ಯಾವುದರಿಂದ ಮುಚ್ಚುವುದು? ಪಕಾಸಿನ ನಡುವಿನ ಅಳತೆಗೆ ಕೊಯ್ದ ಹಲಗೆ ತುಂಡು, ಇಟ್ಟಿಗೆ ಚೂರು ಸೇರಿಸಿದ ಸುಣ್ಣದ ಗಾರೆ, ತುಕ್ಕು ಹಿಡಿಯದ ತಂತಿ ಜಾಳಿಗೆ. ಪ್ಲಾಸ್ಟಿಕ್ ಸೊಳ್ಳೆಪರದೆಯನ್ನು ಇಲಿ ಒಂದು ರಾತ್ರಿಯಲ್ಲಿ ಕಡಿದು ಹಾಕುತ್ತದೆ. ಹಕ್ಕಿಗಷ್ಟೇ ಆದರೆ ಅರ್ಧ ಅಂಗುಲದ ಕಣ್ಣಿನ ಜಾಳಿಗೆ ಸಾಕು, ಕಣ್ಕಪ್ಪಡಿಗೆ ಕಾಲು ಅಂಗುಲವೇ ಬೇಕು. ಒಂದು ಎಚ್ಚರಿಕೆ. ಉತ್ಸಾಹ ಹೆಚ್ಚಾಗಿ ಇಡೀ ಮಾಡನ್ನು ಸಿಮೆಂಟಿನಿಂದ ಡಬ್ಬಿಯ ಹಾಗೆ ಮುಚ್ಚಿದವರಿದ್ದಾರೆ. ಸಿರ್ಸಿಯ ಮಳೆ ಎರಡು ಸಾವಿರ ಮಿಲಿಮೀಟರ್ ದಾಟುವುದು ಮಾಮೂಲು, ಸಿದ್ದಾಪುರದ ಘಟ್ಟದಂಚಿನ ಊರುಗಳಿಗೆ ಇನ್ನೂ ಹೆಚ್ಚು. ಗಾಳಿ ಆಡದ ಮೆತ್ತಿಯಲ್ಲಿ ಆಷಾಢಕ್ಕೆ ಬೂಸಲು, ಶ್ರಾವಣಕ್ಕೆ ಗೆದ್ದಲು. ಎದುರುಬದುರು ಎರಡು ಕಡೆ ಗಾರೆಯ ಬದಲು ಜಾಳಿಗೆಯೇ ಇರಲಿ.

ಇನ್ನೊಂದು ಉಪಾಯ ಬಹಳ ಅಗ್ಗದ್ದು, ಯಾಕೋ ಯಾರೂ ಮಾಡುವುದಿಲ್ಲ. ಗಾಜಿನ ಹಂಚು. ಬಾವಲಿಗೆ ಮೆತ್ತಿ ಹಿಡಿಸುವುದು ಅದು ಕತ್ತಲೆಯ ಗವಿ ಎಂಬ ಕಾರಣಕ್ಕೆ. ಮಾಡಿನ ಎರಡೂ ಇಳಿಜಾರಿಗೆ ನಾಲ್ಕಾರು ಗಾಜಿನ ಹಂಚು ಹಾಕಿ, ಮೆತ್ತಿಯ ಮೇಲೆ ಹಗಲು ಪೇಪರು ಓದುವಷ್ಟು ಬೆಳಕಾಗಲಿ. ಬೆಳಕೂ ಗಾಳಿಯೂ ಇರುವ ಕಡೆ ಅವು ನೆಲೆ ನಿಲ್ಲುವುದು ಕಷ್ಟ. ಅಡಿಕೆ ಮೂಟೆಯ ಹಿಂದೆ ಇಲಿ ಸೇರಿಕೊಂಡದ್ದೂ ಆಗ ಕಾಣುತ್ತದೆ. ಹಾಗೆಯೇ ಮಾಡಿಗೆ ತಾಗುವ ಮಾವು, ಹಲಸಿನ ಟೊಂಗೆಯನ್ನು ಒಂದಾಳುದ್ದ ದೂರಕ್ಕೆ ಕಡಿದುಬಿಡಿ. ಹಕ್ಕಿ, ಬಾವಲಿಗೆ ಟೊಂಗೆ ಬೇಡ ನಿಜ; ಆದರೆ ಅವುಗಳ ಮೊಟ್ಟೆಗೂ ಮರಿಗೂ ಹೊಂಚುಹಾಕಿ ಕೇರೆಹಾವು, ಕಬ್ಬೆಕ್ಕು ಹತ್ತಿ ಬರುವುದು ಆ ದಾರಿಯಲ್ಲೇ.

ಹೊಗೆಯ ಮಾತು ಹೇಳುತ್ತೇನೆ ಎಂದಿದ್ದೆ. ಮೆತ್ತಿಯ ಮೇಲೆ ಬಾಣಲೆಯಲ್ಲಿ ಕೆಂಡ ಇಟ್ಟು ಮೆಣಸು, ಗಂಧಕ ಸುರಿಯುವವರಿದ್ದಾರೆ. ಒಣಗಿ ಕರ್ಪೂರವಾದ ಮರದ ಮಾಡು, ಪಕ್ಕದಲ್ಲಿ ಅಡಿಕೆ ಚೀಲ, ನಡುವೆ ಕೆಂಡ. ಬಾವಲಿ ಹೋಗುವುದೋ ಮನೆ ಹೋಗುವುದೋ ಹೇಳಲಾಗದು. ನುಸಿಗುಳಿಗೆಯ ಪೊಟ್ಟಣ ಅಲ್ಲಲ್ಲಿ ಕಟ್ಟಿದರೆ ಬಾವಲಿಗೆ ಅದು ಲೆಕ್ಕಕ್ಕಿಲ್ಲ; ಲೆಕ್ಕಕ್ಕೆ ಬರುವಷ್ಟು ಹಾಕಿದರೆ ಕೆಳಗೆ ಮಲಗುವ ಮಗುವಿಗೆ ವಿಷ. ಮನುಷ್ಯರಿಗೆ ಕೇಳದ ಶಬ್ದ ಹೊರಡಿಸುತ್ತದೆಂದು ಮಾರುವ ಪುಟ್ಟ ಮಶೀನನ್ನು ಕೊಂಡವರು ಅದರ ಮೇಲೆಯೇ ಬಾವಲಿ ಹಿಕ್ಕೆ ಬಿದ್ದದ್ದನ್ನು ತೋರಿಸುತ್ತಾರೆ. ಅಂಟುಬಲೆಯ ಬಗ್ಗೆ ಮಾತಾಡುವುದಕ್ಕೂ ಮನಸ್ಸಾಗುವುದಿಲ್ಲ.

ರೋಗದ ಭಯ ಎಷ್ಟು ನಿಜ? 2018ರ ಮೇ ತಿಂಗಳಲ್ಲಿ ಕೋಳಿಕ್ಕೋಡಿನ ಕಡೆ ನಿಫಾ ಬಂದಾಗಿನಿಂದ ಬಾವಲಿ ಎಂದರೆ ಜನ ಬೆಚ್ಚುತ್ತಾರೆ. ಆ ವೈರಸ್ಸಿನ ನಂಟು ಹಣ್ಣು ತಿನ್ನುವ ದೊಡ್ಡ ಬಾವಲಿಗೆ. ಅದು ಮರಗಳಲ್ಲಿ ಸಾಲಾಗಿ ಜೋತುಬೀಳುವ ಜಾತಿ, ನಿಮ್ಮ ಮಾಡಿನ ಸಂದಿಯಲ್ಲಿ ಅದು ಹಿಡಿಸುವುದೂ ಇಲ್ಲ. ಬಾವಲಿ ಕಚ್ಚಿದ ಪೇರಲೆ, ಮಾವು ತಿನ್ನದಿದ್ದರೆ ಆಯಿತು. ಸಿದ್ದಾಪುರದವರಿಗೆ ಮಂಗನ ಕಾಯಿಲೆಯ ನೋವು ಚೆನ್ನಾಗಿ ಗೊತ್ತು. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಆ ಕಾಯಿಲೆಯನ್ನು ಜನರಿಗೆ ಅಂಟಿಸುವುದು ಕಾಡಿನ ಉಣುಗು, ಮಾಡಿನ ಬಾವಲಿಯಲ್ಲ. ಹೆದರಬೇಕಾದ್ದು ಎರಡಕ್ಕೆ. ಯಾವ ಬಾವಲಿಯಾದರೂ ಕಚ್ಚಿದರೆ ಸಾಬೂನು ಹಾಕಿ ಹದಿನೈದು ನಿಮಿಷ ನೀರು ಬಿಟ್ಟು ತೊಳೆದು, ನಾಯಿ ಕಚ್ಚಿದಾಗ ಹೋಗುವಂತೆಯೇ ಆಸ್ಪತ್ರೆಗೆ ಹೋಗಬೇಕು. ಎರಡನೆಯದು, ಹಳೆಯ ಹಿಕ್ಕೆಯ ಧೂಳು. ಅದರಲ್ಲಿ ಶ್ವಾಸಕೋಶಕ್ಕೆ ತಗಲುವ ಶಿಲೀಂಧ್ರ ಇರಬಹುದು. ಒಣಗಿದ್ದನ್ನು ಹಿಡಿಕಟ್ಟಿನಿಂದ ಗುಡಿಸಬೇಡಿ. ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್ ಕಟ್ಟಿ, ಒದ್ದೆಯಿರುವಾಗಲೇ ಬಾಚಿ ಗೊಬ್ಬರಗುಂಡಿಗೆ ಹಾಕಿ. ಗೊಬ್ಬರ ಮಾತ್ರ ಪಸಂದಾಗಿರುತ್ತದೆ.

ಕೋಣೆಯೊಳಗೆ ಒಂದು ಬಾವಲಿ ಬಂದು ಸುತ್ತುತ್ತಿದ್ದರೆ ಕಸಬರಿಕೆ ಬೀಸಬೇಡಿ. ಫ್ಯಾನ್ ನಿಲ್ಲಿಸಿ, ಒಳದೀಪ ಆರಿಸಿ, ಹೊರಕಿಟಕಿ ತೆರೆದು, ಬಾಗಿಲು ಎಳೆದುಕೊಂಡು ಹೊರಗೆ ಬನ್ನಿ. ತಾನಾಗಿಯೇ ಹೋಗುತ್ತದೆ. ನೆಲಕ್ಕೆ ಬಿದ್ದದ್ದಾದರೆ ಬರಿಗೈಯಲ್ಲಿ ಮುಟ್ಟದೆ ದಪ್ಪ ಬಟ್ಟೆಯಲ್ಲಿ ಎತ್ತಿ ಮರದ ಬೊಡ್ಡೆಗೆ ಎತ್ತರದಲ್ಲಿ ಹಿಡಿಸಿ. ಹೆಚ್ಚಿನವಕ್ಕೆ ನೆಲದಿಂದ ಮೇಲೇಳುವುದು ಕಷ್ಟ.

ಕಾನೂನಿನದು ಎರಡು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಣ್ಣು ತಿನ್ನುವ ಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ಪೀಡೆಗಳ ಪಟ್ಟಿಯಲ್ಲಿ ಇಟ್ಟಿದ್ದರು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು, 2023ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಕಾಯ್ದೆಯ ರಕ್ಷಣೆಯಿರುವ ಹಕ್ಕಿಯ ಮೊಟ್ಟೆ ಒಡೆಯುವುದು, ಗೂಡು ಕೆದಕುವುದು ಕೂಡ ಬೇಟೆಯ ಅರ್ಥದೊಳಗೇ ಬರುತ್ತದೆ. ನಮ್ಮ ನೆರೆಯ ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ ಬಾರಾಪೇಡೆ ಎಂಬ ಗುಹೆಯಿದೆ. 1913ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಒಂದು ಅಪರೂಪದ ಬಾವಲಿಯ ಮನೆ ಅದು. ಆ ಕಾಡು 2011ರಲ್ಲಿ ಅಭಯಾರಣ್ಯವಾಯಿತು. ಬಾವಲಿ ಎಂದ ಕೂಡಲೇ ಕೋಲು ಹುಡುಕುವವರಿಗೆ ಇಷ್ಟು ಗೊತ್ತಿದ್ದರೆ ಒಳ್ಳೆಯದು.

ಉಪಕಾರದ ಲೆಕ್ಕವೂ ಇದೆ. ತೋಟದ ಬೇರುಹುಳದ ದುಂಬಿ ಮೊದಲ ಮಳೆ ಬಿದ್ದ ಮೇಲೆ ಮುಸ್ಸಂಜೆಗೆ ಮಣ್ಣಿನಿಂದೆದ್ದು ಹಾರುತ್ತದೆ. ದುಂಬಿ ಹಿಡಿಯುವ ಬಾವಲಿಗಳು ಹೊರಡುವ ಹೊತ್ತೂ ಅದೇ. ಹಣ್ಣುಬಾವಲಿ ಹಣ್ಣಡಿಕೆಯ ಸಿಪ್ಪೆ ಚೀಪಿ ಕೆಡವಿದ ಅಡಿಕೆಯನ್ನಂತೂ ನಾವು ಬೆಳಗ್ಗೆ ತೋಟದಲ್ಲಿ ಹೆಕ್ಕುತ್ತೇವೆ. ಮನೆಯಿಂದ ಹೊರಗೆ ಕಳಿಸಿದವರಿಗೆ ತೋಟದಲ್ಲಿ ಒಂದು ಜಾಗ ಉಳಿಸುವುದು ನಮಗೇ ಲಾಭ. ಪೊಟರೆಯಿರುವ ಹಳೆ ಮರವನ್ನು ಸೊಪ್ಪಿನ ಬೆಟ್ಟದಲ್ಲಿ ಹಾಗೇ ಬಿಡಿ. ಕಾಡಿನ ಪೊಟರೆ ಕಡಿಮೆಯಾದಷ್ಟೂ ಅವುಗಳ ಕಣ್ಣು ನಮ್ಮ ಮಾಡಿನ ಮೇಲೆ ಬೀಳುತ್ತದೆ. ಯಲ್ಲಾಪುರದ ಕಡೆ ಸಾಗವಾನಿ ನೆಡುತೋಪಿನ ಪಕ್ಕದ ಮನೆಯವರು ಇದನ್ನು ಗಮನಿಸಿರಬಹುದು. ಸಾಲುಸಾಲು ನೇರ ಮರ, ಒಂದಕ್ಕೂ ಪೊಟರೆಯಿಲ್ಲ.

ಇಷ್ಟು ಹೊತ್ತು ಬಾವಲಿಯದೇ ಆಯಿತು. ಹಕ್ಕಿಗಳ ವಿಷಯದಲ್ಲಿ ನಾನು ಸ್ವಲ್ಪ ಪಕ್ಷಪಾತಿ. ಗುಬ್ಬಚ್ಚಿ ಗೂಡಿಟ್ಟರೆ ಮನೆಗೆ ಒಳ್ಳೆಯದು ಎನ್ನುವವರೇ ನಮ್ಮಲ್ಲಿ ಹೆಚ್ಚು, ಅದನ್ನು ಕೆಡಿಸಲು ನನಗೆ ಇಷ್ಟವಿಲ್ಲ. ಅಂಬರಗುಬ್ಬಿ ಸೂರಿನಡಿ ಕೆಸರಿನ ಗೂಡು ಮೆತ್ತಿದರೆ ತಕರಾರಿರುವುದು ಕೆಳಗೆ ಬೀಳುವ ಹಿಕ್ಕೆಗಷ್ಟೇ ತಾನೆ? ಗೂಡಿಗಿಂತ ಒಂದಡಿ ಕೆಳಗೆ ಒಂದು ಅಗಲ ಹಲಗೆಯನ್ನೋ ಅಡಿಕೆ ಹಾಳೆಯನ್ನೋ ಅಡ್ಡ ಕಟ್ಟಿ, ಮರಿ ಹಾರಿದ ಮೇಲೆ ಬಿಚ್ಚಿ ತೊಳೆಯಿರಿ. ಬಾನಾಡಿ ಮಾತ್ರ ಹುಲ್ಲು, ಪುಕ್ಕಗಳನ್ನು ಎಂಜಲಿನಲ್ಲಿ ಅಂಟಿಸಿ ಗುಂಪುಗುಂಪಾಗಿ ಕಟ್ಟುತ್ತದೆ, ಅದೇ ಜಾಗಕ್ಕೆ ವರ್ಷ ವರ್ಷ ಬರುತ್ತದೆ. ಇವೆರಡರಲ್ಲಿ ಯಾವುದೆಂಬ ಅನುಮಾನವಿದ್ದರೆ ಕರೆಂಟಿನ ತಂತಿ ನೋಡಿ. ತಂತಿಯ ಮೇಲೆ ಸಾಲಾಗಿ ಕೂರುವುದು ಅಂಬರಗುಬ್ಬಿ. ಬಾನಾಡಿಯ ಕಾಲು ಕೂರುವುದಕ್ಕಲ್ಲ, ಗೋಡೆಗೆ ಕಚ್ಚಿಕೊಳ್ಳುವುದಕ್ಕೆ.

ಹಕ್ಕಿಯ ನಿಜವಾದ ಉಪದ್ರವ ಈಗ ಶುರುವಾಗಿರುವುದು ಹೊಸ ಮನೆಗಳಲ್ಲಿ. ಮಂಗನ ಕಾಟಕ್ಕೆ ಬೇಸತ್ತು ಹಂಚು ಇಳಿಸಿ ತಗಡಿನ ಶೀಟು ಹಾಕಿದವರು, ತಾರಸಿ ಸೋರಿತೆಂದು ಅದರ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದೆಸಿದವರು ಮೂರೂ ತಾಲೂಕಿನಲ್ಲಿ ಕಾಣುತ್ತಾರೆ. ಆ ಕಬ್ಬಿಣದ ಚೌಕ ಪೈಪಿನ ತುದಿಗಳನ್ನು ಬೆಸುಗೆಯವರು ಹಾಗೇ ತೆರೆದು ಬಿಟ್ಟು ಹೋಗುತ್ತಾರೆ. ಗೊರವಂಕಕ್ಕೆ ಅದಕ್ಕಿಂತ ಒಳ್ಳೆಯ ಪೊಟರೆ ಬೇಕೆ? ಒಳಗೆ ಒಂದು ಮಾರು ಉದ್ದ ಹುಲ್ಲು, ಪ್ಲಾಸ್ಟಿಕ್ಕು, ಹಾವಿನ ಪೊರೆ ತುಂಬಿಡುತ್ತದೆ. ಶೀಟಿನ ಏರಿಳಿತಕ್ಕೂ ಕಬ್ಬಿಣದ ಪಟ್ಟಿಗೂ ನಡುವಿನ ಸಾಲುತೂತುಗಳು ಗುಬ್ಬಿಗೆ. ಬೆಸುಗೆಯ ದಿನವೇ ಪೈಪಿನ ತುದಿಗೆ ಮುಚ್ಚಳ ಬಡಿಸಿಕೊಳ್ಳಿ, ಶೀಟಿನ ಅಲೆಗೆ ಸರಿಹೊಂದುವ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೂ ಹಾಕಿಸಿಕೊಳ್ಳಿ. ಆಗ ಹತ್ತು ನಿಮಿಷದ ಕೆಲಸ. ಆಮೇಲೆ ಗೂಡಾದ ಮೇಲೆ ಮಾಡಲು ಹೋದರೆ ಮತ್ತೆ ಚಳಿಗಾಲಕ್ಕೆ ಕಾಯಬೇಕು.

ಕೊನೆಯದಾಗಿ, ಬೀಗ ಹಾಕಿದ ಮನೆಗಳ ವಿಷಯ. ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಅಮ್ಮನೂ ಅಲ್ಲಿಗೇ ಹೋಗಿದ್ದಾರೆ, ಹದಿನಾರು ಅಂಕಣದ ಮನೆಯ ಮೆತ್ತಿ ಪೂರ್ತಿ ಬಾವಲಿಯ ಪಾಲು. ಅಂಥವರು ಊರಿಗೆ ಬರುವುದು ಚೌತಿಗೆ ಇಲ್ಲವೇ ದೀಪಾವಳಿಗೆ. ಚೌತಿಗೆ ಬಂದಾಗ ಮಾಡಿಗೆ ಕೈಹಾಕಬೇಡಿ, ಮಳೆಯೂ ಇರುತ್ತದೆ, ಮರಿಗಳೂ ಇರಬಹುದು. ದೀಪಾವಳಿಗೆ ಬಂದಾಗ ಬೂರೆ ನೀರು ತುಂಬುವ ಸಂಜೆಯೇ ಅಂಗಳದಲ್ಲಿ ಕೂತು ಸಂದಿ ಗುರುತಿಸಿ, ಮರುದಿನ ಪರದೆ ಕಟ್ಟಿ. ವಾರ ಕಾಯಲು ನಿಮಗೆ ರಜೆ ಇರುವುದಿಲ್ಲ. ಅಳತೆಗೆ ಕೊಯ್ದ ಹಲಗೆ, ಜಾಳಿಗೆ, ಮೊಳೆ ಎಲ್ಲವನ್ನೂ ಜಗಲಿಯ ಮೇಲೆ ಇಟ್ಟು, ಪರದೆ ಬಿಚ್ಚಿ ಸಂದಿ ಮುಚ್ಚುವ ಕೆಲಸವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೋಗಿ. ಕೀಲಿಕೈ ಹೇಗೂ ಅವರ ಹತ್ತಿರವೇ ಇರುತ್ತದೆ. ಅವರಿಗೂ ಕೊಯ್ಲಿನ ಗಡಿಬಿಡಿ ಇರುತ್ತದೆ ಎಂಬುದನ್ನು ಮರೆಯದೆ, ಎರಡು ದಿನಕ್ಕೊಮ್ಮೆ ಫೋನ್ ಮಾಡಿ ನೆನಪಿಸುತ್ತಿರಿ.